ಹನ್ನೊಂದು ತಿಂಗಳ ಕರಾರು ಮುಗಿದರೆ ಹತ್ತು ದಿನದಲ್ಲಿ ಮನೆ ಬಿಡಬೇಕಾ?

ನಿಟುವಳ್ಳಿ ಬಾಡಿಗೆದಾರ:
ದಾವಣಗೆರೆಯವರು ಯಾರಾದರೂ ಹೇಳಿ. ನಿಟುವಳ್ಳಿಯಲ್ಲಿ ಎರಡು ರೂಮಿನ ಮನೆ, ಬಾಡಿಗೆ 8,500, ಅಡ್ವಾನ್ಸ್ 50,000. ಕರಾರು ಮುಗಿದು ನಾಲ್ಕು ತಿಂಗಳಾಯಿತು. ಹೊಸದು ಮಾಡಿಸಿಲ್ಲ, ಆದರೆ ಪ್ರತಿ ತಿಂಗಳು ಫೋನ್‌ಪೇನಲ್ಲಿ ಬಾಡಿಗೆ ಹಾಕುತ್ತಿದ್ದೇನೆ, ಅವರೂ ತಗೊಳ್ತಿದ್ದಾರೆ. ಮೊನ್ನೆ ಭಾನುವಾರ ಬಂದು "ಮಗಳು ಅಳಿಯ ಬರ್ತಾರೆ, ಹತ್ತು ದಿನದಲ್ಲಿ ಖಾಲಿ ಮಾಡಿ" ಅಂದರು. ಪೇಂಟಿಂಗ್‌ಗೆ 15,000 ಮುರ್ಕೊಳ್ತಾರಂತೆ. ಬಿಡದಿದ್ದರೆ ಫ್ಯೂಸ್ ಕೀಳ್ತಾರಂತೆ. ಮಗನಿಗೆ ಪರೀಕ್ಷೆ ಬೇರೆ ಹತ್ತಿರ ಬಂತು.

ಮೂರು ಮನೆ ಮಾಲೀಕ:
ಕರಾರು ಮುಗಿದ ಮೇಲೆ ಇರೋದೇ ತಪ್ಪು ಅಲ್ವಾ ಸರ್? ಎಲ್ಲರೂ ಓನರ್‌ಗೇ ಬೈತಾರೆ. ನನ್ನ ಮನೆ ಬಿಟ್ಟು ಹೋದವರೊಬ್ಬರು ಮೂರು ತಿಂಗಳ ಕರೆಂಟ್ ಬಿಲ್ ಬಾಕಿ ಇಟ್ಟು, ಸಿಂಕ್ ಒಡೆದು, ಗೋಡೆ ತುಂಬಾ ಮೊಳೆ ಹೊಡೆದು ಹೋದರು. ಅಡ್ವಾನ್ಸ್ ಇರೋದು ಅದಕ್ಕೇ.

ಬೆಣ್ಣೆದೋಸೆ ಪ್ರಿಯ:
1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ಗುರೂ, ಅದನ್ನು ತೋರಿಸಿ. ಓನರ್ ತಣ್ಣಗಾಗ್ತಾರೆ.

ವಕೀಲರ ಗುಮಾಸ್ತ:
ಸುಮ್ನೆ ಅದನ್ನು ತೋರಿಸಬೇಡಿ, ನಗೆಪಾಟಲಾಗುತ್ತೆ. ಆ ಕಾಯ್ದೆಗೆ ಬಾಡಿಗೆಯ ಮಿತಿ ಇದೆ. ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ. ಅದಕ್ಕಿಂತ ಜಾಸ್ತಿ ಬಾಡಿಗೆಯ ಮನೆಗೆ ಅದು ಬರಲ್ಲ. ಇವತ್ತು 2,000ಕ್ಕೆ ನಿಟುವಳ್ಳಿಯಲ್ಲಿ ಬೈಕ್ ನಿಲ್ಲಿಸೋ ಶೆಡ್ ಸಿಕ್ಕರೆ ಹೆಚ್ಚು! ನಿಮ್ಮ ಮನೆಗೆ ನಡೆಯೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಮಾಲೀಕರಿಗೂ ಒಂದು ಮಾತು. ಕರಾರು ಮುಗಿದ ಮೇಲೂ ನೀವು ಬಾಡಿಗೆ ತಗೊಂಡರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿದ ಬಾಡಿಗೆ ಅಂತ ಲೆಕ್ಕ, ಕಲಂ 116 ನೋಡಿ. ಬಿಡಿಸಬೇಕಾದರೆ ಕಲಂ 106ರ ಪ್ರಕಾರ ಬರವಣಿಗೆಯಲ್ಲಿ, ಸಹಿ ಹಾಕಿ, 15 ದಿನದ ನೋಟಿಸ್ ಕೊಡಬೇಕು. ಬಾಗಿಲಲ್ಲಿ ನಿಂತು ಹೇಳಿದ್ದು ನೋಟಿಸ್ ಅಲ್ಲ. ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು. ಸಾಮಾನು ಹೊರಗೆ ಹಾಕಿ ಬೀಗ ಹಾಕಿದರೆ ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು.

ಮೂರು ಮನೆ ಮಾಲೀಕ:
ಅಂದ್ರೆ ನಮ್ಮ ಮನೆಗೆ ನಾವೇ ಹೋಗೋಕೆ ಕೋರ್ಟ್ ಹತ್ತಬೇಕು! ಚೆನ್ನಾಗಿದೆ. ಅದಕ್ಕೇ ಜನ ಮನೆ ಖಾಲಿ ಇಟ್ಟರೂ ಪರವಾಗಿಲ್ಲ, ಬಾಡಿಗೆಗೆ ಕೊಡಲ್ಲ ಅಂತಾರೆ.

ವಿದ್ಯಾನಗರದ ಅಕ್ಕ:
ಅಣ್ಣಾ, ನಿಮ್ಮ ಕಷ್ಟ ನಿಜ. ಆದರೆ ನಮ್ಮ ಹಳೇ ಮನೆಯಲ್ಲಿ ರಾತ್ರಿ ಎಂಟಕ್ಕೆ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ಹೋದವರನ್ನ ನಾನು ನೋಡಿದೀನಿ. ಕೈಯಲ್ಲಿ ಮೂರು ತಿಂಗಳ ಕೂಸು. ಸ್ಟೇಷನ್‌ಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಅಂದರು. ಬಾಡಿಗೆ ಕ್ಯಾಶ್ ಕೊಡ್ತಿದ್ವಿ, ಒಂದು ರಸೀದಿ ಇಲ್ಲ. ಅಡ್ವಾನ್ಸ್ ಬಿಟ್ಟೇ ಬಂದ್ವಿ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ ಅಂತ ಆಗ ಗೊತ್ತಿರಲಿಲ್ಲ. ಸಹಾಯವಾಣಿ 15100.

ಬೆಣ್ಣೆದೋಸೆ ಪ್ರಿಯ:
ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು ಅಂತ ಕೇಂದ್ರದ ಕಾನೂನು ಬಂತಲ್ಲ?

ವಕೀಲರ ಗುಮಾಸ್ತ:
2021ರದ್ದು ಮಾದರಿ ಕಾಯ್ದೆ ಅಷ್ಟೇ. ರಾಜ್ಯ ತನ್ನ ಕಾನೂನು ಮಾಡಿದರೆ ತಾನೇ ನಡೆಯೋದು.
ನಿಟುವಳ್ಳಿ ಸರ್, ಪೇಂಟಿಂಗ್ ಬಗ್ಗೆ ನಿಮ್ಮ ಕರಾರಲ್ಲಿ ಏನು ಬರೆದಿದೆ? ಏನೂ ಇಲ್ಲ ಅಂದರೆ, ಬಳಸಿದ್ದಕ್ಕೆ ಸಹಜವಾಗಿ ಸವೆದದ್ದು ನಿಮ್ಮ ತಲೆ ಮೇಲೆ ಬರಲ್ಲ. ಒಡೆದದ್ದು ಬರುತ್ತೆ.

ನಿಟುವಳ್ಳಿ ಬಾಡಿಗೆದಾರ:
ಈಗ ಬೀರುವಿನಿಂದ ತೆಗೆದು ಓದಿದೆ. ಸಹಿ ಹಾಕುವಾಗ ಓದಿರಲಿಲ್ಲ, ನಿಜ ಹೇಳ್ತೀನಿ. "ಮನೆ ಬಿಡುವಾಗ ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಬಿಡತಕ್ಕದ್ದು" ಅಂತಿದೆ. ಅಂದರೆ 8,500, 15,000 ಅಲ್ಲ. ನೋಟಿಸ್ ಬಗ್ಗೆ ಒಂದಕ್ಷರ ಇಲ್ಲ.

ಮೂರು ಮನೆ ಮಾಲೀಕ:
ಬರೆದದ್ದಕ್ಕಿಂತ ಜಾಸ್ತಿ ನಾನೂ ಕೇಳಲ್ಲ. ಪರೀಕ್ಷೆ ಮುಗಿಯೋವರೆಗೆ ಟೈಮ್ ಕೇಳಿ ನೋಡಿ, ಅವರೂ ಮಕ್ಕಳೊಂದಿಗರೇ.

ನಿಟುವಳ್ಳಿ ಬಾಡಿಗೆದಾರ:
ಕೇಳ್ತೀನಿ ಸರ್. ಬಾತ್‌ರೂಮ್ ಗೋಡೆ ಉಬ್ಬಿದ್ದಕ್ಕೂ ನನ್ನ ಮೇಲೇ ಹಾಕ್ತಿದ್ದರು. ಮನೆ ಸೇರಿದ ದಿನ ಹೆಂಡತಿ ತನ್ನ ಅಮ್ಮನಿಗೆ ಮನೆ ತೋರಿಸೋಕೆ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದ್ದಳು. ಅತ್ತೆ ಫೋನಲ್ಲಿ ಇನ್ನೂ ಇದೆಯಂತೆ, ಗೋಡೆ ಅವತ್ತೇ ಉಬ್ಬಿದೆ.