ಕೊಳೆ ಹತ್ತಿ ಕಪ್ಪಾದ ಬೆಲ್ಟ್: ನಮ್ಮ ಮನೆ ಗುಂಪಿನ ಜಗಳ

ಚಿಕ್ಕಮ್ಮ (ಡೊಂಬಿವಲಿ): "ಹಿಂದೆ ಬಿಳಿ ಬೆಲ್ಟನ್ನು ಒಗೆಯುತ್ತಲೇ ಇರಲಿಲ್ಲ. ಬೆವರು, ಮಣ್ಣು ಹತ್ತಿ ತಾನಾಗಿ ಕಪ್ಪಾಗುತ್ತಿತ್ತು. ಅದೇ ಬ್ಲ್ಯಾಕ್ ಬೆಲ್ಟ್!" ಯಾರೋ ಕಳಿಸಿದ್ದು. ಚೆನ್ನಾಗಿದೆ ಅಲ್ವಾ? ನಮ್ಮ ಪುಟ್ಟಿಗೆ ಜೂಡೋ ಕ್ಲಾಸಿನಲ್ಲಿ ಮುಂದಿನ ತಿಂಗಳು ಎರಡು ಬೆಲ್ಟ್ ಒಟ್ಟಿಗೆ ಕೊಡುತ್ತಾರಂತೆ. ಫೀ ಮಾತ್ರ ಸ್ವಲ್ಪ ಜಾಸ್ತಿ.

ದೊಡ್ಡಪ್ಪ (ಮುಲುಂಡ್): ಎಲ್ಲ ದುಡ್ಡಿನ ಆಟ. ನಮ್ಮೂರ ಗರಡಿಯಲ್ಲಿ ಪೈಲ್ವಾನರಿಗೆ ಯಾವ ಬೆಲ್ಟ್ ಇತ್ತು? ಅಖಾಡಕ್ಕೆ ಇಳಿದರೆ ಗೊತ್ತಾಗುತ್ತಿತ್ತು.

ನಾನು: ಚಿಕ್ಕಮ್ಮ, ಆ ಕಥೆ ನಿಜ ಅಲ್ಲ. ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೊದಲ್ಲಿ ಜೂಡೋ ಶುರು ಮಾಡಿದರು. ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ಡಾನ್, ಅಂದರೆ ಈಗ ಬ್ಲ್ಯಾಕ್ ಬೆಲ್ಟ್ ಕಟ್ಟುವ ಮಟ್ಟ, ಕೊಟ್ಟರು. ಆಗ ಕಪ್ಪು ಬೆಲ್ಟೇ ಇರಲಿಲ್ಲ, ಅದು ಆಮೇಲೆ ಬಂತು. ಕರಾಟೆಯವರು ಇದನ್ನು ಜೂಡೋದಿಂದಲೇ ತೆಗೆದುಕೊಂಡರು. ಬ್ಲ್ಯಾಕಿಗೆ ಮುಂಚಿನ ಹಸಿರು, ಕಿತ್ತಳೆ ಬಣ್ಣಗಳು ಹಬ್ಬಿದ್ದು 1930ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ ಕಲಿಸುತ್ತಿದ್ದ ಕವಾಯಿಶಿ ಅವರಿಂದ.

ದೊಡ್ಡಪ್ಪ: ಅಂದರೆ ಬಣ್ಣ ಸುಮ್ನೆ ತೋರಿಕೆಗೆ.

ನಾನು: ಅಲ್ಲ ದೊಡ್ಡಪ್ಪ, ಇಲ್ಲಿ ನಾನು ಒಪ್ಪುವುದಿಲ್ಲ. ಗರಡಿಯಲ್ಲಿ ಉಸ್ತಾದರಿಗೆ ಒಬ್ಬೊಬ್ಬನ ಮೈಯೂ ಗೊತ್ತಿತ್ತು. ನಾನು ಭಾನುವಾರ ಮಕ್ಕಳಿಗೆ ಕಲಿಸುವಾಗ ಯಾರನ್ನು ಯಾರ ಜೊತೆ ಬಿಡಬೇಕು ಅಂತ ಮೊದಲು ಬೆಲ್ಟ್ ನೋಡುತ್ತೇನೆ. ಕಿತ್ತಳೆ ಕಟ್ಟಿದ್ದಾಳೆ, ಬೀಳುವುದು ಬರುತ್ತದೆ ಅಂತ ನಂಬಿ ಎದುರಿನವನು ಎತ್ತಿ ಹಾಕುತ್ತಾನೆ. ಬರದಿದ್ದರೆ ಕೈ ಮುರಿಯುತ್ತದೆ.

ಗಣಪತಿ ಹಬ್ಬಕ್ಕೆ ಬಂದಾಗ ಪುಟ್ಟಿ ಗಾದಿ ಮೇಲೆ ಬಿದ್ದು ತೋರಿಸಿದಳು. ಬೀಳುವಾಗ ಅಂಗೈ ಹಿಂದಕ್ಕೆ ಊರಿದಳು ಚಿಕ್ಕಮ್ಮ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ! ಗದ್ದ ಎದೆಗೆ ಒತ್ತಿ, ಇಡೀ ತೋಳನ್ನು ಚಪ್ಪಟೆಯಾಗಿ ನೆಲಕ್ಕೆ ಬಡಿಯಬೇಕು. ಅದು ಬರುವ ಮುಂಚೆ ಎರಡು ಬೆಲ್ಟ್ ಕೊಡುವವರ ಮೇಲೆ ನನಗೆ ಕೋಪ ಬರುತ್ತದೆ.

ಚಿಕ್ಕಮ್ಮ: ಎರಡು ವರ್ಷಕ್ಕೆ ಬ್ಲ್ಯಾಕ್ ಅಂದಿದ್ದಾರಲ್ಲೋ. ಜೊತೆಯವರಿಗೆಲ್ಲ ಸಿಕ್ಕಿ ಇವಳಿಗೆ ಸಿಗದಿದ್ದರೆ ಅಳುತ್ತಾಳೆ.

ನಾನು: ಮೊದಲ ಡಾನ್‌ಗೆ ಜಪಾನಿನಲ್ಲಿ 'ಶೋದಾನ್' ಅನ್ನುತ್ತಾರೆ. 'ಶೋ' ಅಂದರೆ ಶುರು. ಓಡಿ ಹೋಗಿ ಮುಟ್ಟುವ ಜಾಗ ಅಲ್ಲ ಅದು. ಸದ್ಯ ಆ ಫೀ ಕಟ್ಟಬೇಡಿ. ಭಾನುವಾರ ಅವಳನ್ನು ಇಲ್ಲಿಗೆ ಕಳಿಸಿ, ಬೀಳುವುದನ್ನು ನಾನು ಕಲಿಸುತ್ತೇನೆ.

ದೊಡ್ಡಪ್ಪ: ನಾನು ಟ್ರೇನಿನಲ್ಲಿ ಕರೆದುಕೊಂಡು ಬರುತ್ತೇನೆ. ನೋಡಬೇಕು ನನಗೂ.

ಚಿಕ್ಕಮ್ಮ: ಸರಿ. ಏನಾದರೂ ಕೊಟ್ಟು ಕಳಿಸಬೇಕಾ?

ನಾನು: ಏನೂ ಬೇಡ. ಉಗುರು ಕತ್ತರಿಸಿ ಕಳಿಸಿ.