‘ಆಡಂಬರ’ ಎಂಬುದು ನಿಂದೆಯೇ, ಬರಿಯ ವರ್ಣನೆಯೇ?

ಪ್ರಶ್ನೆ:
ಲೇಖನವೊಂದರಲ್ಲಿ ನಾನು ‘ಅರಮನೆಯ ಆಡಂಬರ ಕಣ್ಣಿಗೆ ಹಬ್ಬದಂತಿತ್ತು’ ಎಂದು ಬರೆದಿದ್ದೆ. ಕರಡು ತಿದ್ದಿದ ಹಿರಿಯರು, ಆಡಂಬರವೆಂಬುದು ನಿಂದೆಯ ಮಾತಾದ್ದರಿಂದ ಅಲ್ಲಿ ‘ವೈಭವ’ ಎಂದಿರಲಿ ಎಂದರು. ಒಡವೆ, ಉಡುಪು, ಛತ್ರಚಾಮರಗಳಂಥ ಹೊರಗಿನ ಅಲಂಕರಣಗಳನ್ನೆಲ್ಲ ಒಟ್ಟಾಗಿ ಸೂಚಿಸುವ ಪದವೆಂದು ನಾನು ಅದನ್ನು ಬಳಸಿದ್ದೆ. ಈ ಪದಕ್ಕೆ ನಿಂದೆಯ ಅರ್ಥ ಮೂಲದಿಂದಲೇ ಇದೆಯೇ? ‘ಡಂಬ’ ಇದರದೇ ಮೊಟಕು ರೂಪವೇ?

ಉತ್ತರ 1:
ಮೂಲದಲ್ಲಿ ಇದು ಕಣ್ಣಿಗಿಂತ ಕಿವಿಗೆ ಸಂಬಂಧಿಸಿದ ಪದ. ಸಂಸ್ಕೃತದಲ್ಲಿ ಆಡಂಬರವೆಂದರೆ ಒಂದು ಬಗೆಯ ಭೇರಿ. ಶುಕ್ಲ ಯಜುರ್ವೇದದ ವಾಜಸನೇಯಿ ಸಂಹಿತೆಯ 30ನೆಯ ಅಧ್ಯಾಯದಲ್ಲಿ ಅದನ್ನು ಬಾರಿಸುವವನಿಗೆ ‘ಆಡಂಬರಾಘಾತ’ ಎಂಬ ಹೆಸರಿದೆ. ಅಮರಕೋಶವು ಈ ಪದಕ್ಕೆ ವಾದ್ಯಗಳ ಘೋಷ, ಆನೆಗಳ ಘೀಳು ಎಂಬ ಅರ್ಥಗಳನ್ನು ಕೊಡುತ್ತದೆ. ದೊಡ್ಡ ಸದ್ದು ಮಾಡಿ ಎಲ್ಲರ ಗಮನವನ್ನು ತನ್ನತ್ತ ಸೆಳೆಯುವ ಭಾವವೇ ಮುಂದೆ ಕಣ್ಣಿನ ತೋರಿಕೆಗೂ ಹರಡಿಕೊಂಡಿರಬೇಕೆಂಬುದು ನನ್ನ ಊಹೆ. ‘ಶಬ್ದಾಡಂಬರ’ದಲ್ಲಿ ಆ ಹಳೆಯ ಸದ್ದು ಇನ್ನೂ ಕೇಳಿಸುತ್ತದೆ.

‘ಅಲಂಕಾರ’ದ ಹುಟ್ಟು ಬೇರೆ. ‘ಅಲಂ’ ಎಂದರೆ ಸಾಕು, ತಕ್ಕಷ್ಟು. ಸಾಲದುದನ್ನು ಸಾಕೆನಿಸುವುದು ಅಲಂಕಾರ, ಸಾಕಾದಮೇಲೂ ನಿಲ್ಲದಿರುವುದು ಆಡಂಬರ ಎಂದು ನಾನು ಭೇದ ಮಾಡಿಕೊಂಡಿದ್ದೇನೆ.

ಉತ್ತರ 2:
‘ಡಂಬ’ಕ್ಕೂ ಇದಕ್ಕೂ ನಂಟಿಲ್ಲ; ಅದು ‘ದಂಭ’ದ ತದ್ಭವ, ಮತ್ತು ದಂಭದ ಧಾತುವಿಗೆ ವಂಚಿಸು ಎಂಬ ಅರ್ಥವಿದೆ. ಆದ್ದರಿಂದ ತನ್ನಲ್ಲಿಲ್ಲದುದನ್ನು ಇದೆಯೆಂದು ತೋರಿಸುವವನು ಡಂಬಾಚಾರಿ. ಆಡಂಬರದವನಲ್ಲಾದರೋ ಸಿರಿ ನಿಜವಾಗಿಯೇ ಇರಬಹುದು, ಅದನ್ನು ಹತ್ತು ಜನ ನೋಡಲೇಬೇಕೆಂಬ ಹಂಬಲವಷ್ಟೇ ಹೆಚ್ಚು. ಇಂದಿನ ಕನ್ನಡದಲ್ಲಿ ‘ನಿರಾಡಂಬರ’ ಮೆಚ್ಚುಗೆಯ ಮಾತಾಗಿ ನೆಲೆನಿಂತಿರುವಾಗ ಆಡಂಬರವು ನಿಂದೆಯತ್ತ ವಾಲದೆ ಇರಲಾರದು. ‘ಕಣ್ಣಿಗೆ ಹಬ್ಬ’ ಎಂದು ಮೆಚ್ಚಿ ಬರೆದ ವಾಕ್ಯದಲ್ಲಿ ಅದು ಕೂಡಿಬರುವುದಿಲ್ಲ; ಹಿರಿಯರು ತಿದ್ದಿದ್ದು ಸರಿ.

ಮೈಮೇಲೆ ಧರಿಸುವುದನ್ನಷ್ಟೇ ಹೇಳುವುದಾದರೆ ‘ತೊಡು’ ಧಾತುವಿನಿಂದ ಬಂದ ‘ತೊಡವು’ ಇದೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. (‘ಒಡವೆ’ಗೂ ಮೊದಲು ಸೊತ್ತು ಎಂಬ ವಿಶಾಲ ಅರ್ಥವಿತ್ತು; ಈಗ ಹೆಚ್ಚಾಗಿ ಆಭರಣಕ್ಕಷ್ಟೇ ಸಲ್ಲುತ್ತಿದೆ.)

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಆ ವಾಕ್ಯದಲ್ಲಿ ‘ವೈಭವ’ ಎಂದೇ ತಿದ್ದಿದ್ದೇನೆ. ಆದರೆ ಅಧಿಕಾರ ಕೈತಪ್ಪಿದ ಮೇಲೂ ಅರಸನು ಛತ್ರಚಾಮರಗಳನ್ನು ಬಿಡದಿದ್ದ ಪ್ರಸಂಗವೊಂದು ಮುಂದೆ ಬರುತ್ತದೆ. ಅಲ್ಲಿ ‘ಆಡಂಬರ’ವನ್ನು ಹಾಗೆಯೇ ಉಳಿಸುತ್ತೇನೆ. ಅದನ್ನು ಡಂಬವೆನ್ನಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅವನ ಕೈಯಲ್ಲಿ ಏನೂ ಉಳಿದಿಲ್ಲವೆಂದು ನೋಡುವವರಿಗೆಲ್ಲ ತಿಳಿದಿತ್ತು.