ಬ್ರೇಕ್ ಹಿಡಿದಾಗ ಪಿಕಪ್ ಸ್ಟೀರಿಂಗ್ ನಡುಗುತ್ತದೆ: ಡಿಸ್ಕ್ ಬದಲಿಸಲೇಬೇಕಾ?

ಶಹಾಬಾದ್ ಲೋಡು: ನಮಸ್ಕಾರ ರೀ. ಶಹಾಬಾದಿನಿಂದ ಕಲಬುರಗಿಗೆ ಹಾಸುಗಲ್ಲು ಹೊಡೆಯುವ ಗಾಡಿ. 60ರ ಮೇಲೆ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗುತ್ತದೆ, ಪೆಡಲ್ ಕಾಲಿಗೆ ಕುಟ್ಟುತ್ತದೆ. ಹೋದ ದೀಪಾವಳಿಗೆ ಡಿಸ್ಕ್ ಲೇಥಿಗೆ ಹಾಕಿಸಿ ಸಮ ಮಾಡಿಸಿದ್ದೆ, ಸ್ವಲ್ಪ ದಿನ ಸರಿ ಇತ್ತು, ಈಗ ಮತ್ತೆ ಅದೇ ರಾಗ. ಮೆಕ್ಯಾನಿಕ್ ‘ಡಿಸ್ಕ್ ಬೆಂಡ್ ಆಗಿದೆ, ಎರಡೂ ಹೊಸದು ಹಾಕು’ ಅಂತಾನೆ. ಎಡಗಡೆ ಒಳಗಿನ ಪ್ಯಾಡ್ ತಗಡಿಗೆ ಬಂದಿದೆ, ಹೊರಗಿನದು ಅರ್ಧಕ್ಕಿಂತ ಜಾಸ್ತಿ ಇದೆ. ತೊಗರಿ ಸೀಸನ್ ಹತ್ತಿರ ಬಂತು, ಏನು ಮಾಡಲಿ?

ಸೇಡಂ ರಸ್ತೆ ಗ್ಯಾರೇಜು: ಅಣ್ಣ, ಮೊದಲು ಲೋಡ್ ಹಾಕೋದು ನಿಲ್ಲಿಸಿ. ಪ್ಯಾಡ್ 3 ಮಿ.ಮೀ.ಗೆ ಬಂದಾಗಲೇ ಬದಲಿಸಬೇಕಿತ್ತು.

ಡಿಸ್ಕಿಗೆ ಮಾತ್ರ ಈಗಲೇ ದುಡ್ಡು ಕೊಡಬೇಡಿ. ಒಳಗಿನ ಪ್ಯಾಡ್ ಒಂದೇ ಸವೆದಿದೆ ಅಲ್ವಾ? ಪಿಸ್ಟನ್ ಒತ್ತೋದು ಅದನ್ನೇ. ಕ್ಯಾಲಿಪರ್ (ಎರಡೂ ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತೋ ಭಾಗ) ಪಿನ್ನಿನ ಮೇಲೆ ಜಾರಿದರೆ ಮಾತ್ರ ಹೊರಗಿನದು ಕೆಲಸ ಮಾಡುತ್ತದೆ. ಪಿನ್ ಜಾಮ್ ಆದರೆ ಒಳಗಿನದು ಒಂಟಿಯಾಗಿ ದುಡಿಯುತ್ತದೆ, ಪೆಡಲ್ ಬಿಟ್ಟ ಮೇಲೂ ಉಜ್ಜುತ್ತಿರುತ್ತದೆ. ಡಿಸ್ಕ್ ಕಾದು ಪ್ಯಾಡಿನ ಮಸಿ ಅಲ್ಲಲ್ಲಿ ಅಂಟುತ್ತದೆ, ದಪ್ಪ ಏರುಪೇರಾಗುತ್ತದೆ. ‘ಬೆಂಡ್’ ಅಂತ ಬರೋ ಗಾಡಿಗಳಲ್ಲಿ ಜಾಸ್ತಿ ಪಾಲು ಇದೇ ಕಥೆ.

ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಕಟ್ಟಿ, ಬ್ರೇಕ್ ಆಯಿಲ್ ಹೋಸ್ ಮೇಲೆ ಜೋತುಬಿಡಬೇಡಿ. ಪಿನ್ನಿನ ರಬ್ಬರ್ ಬೂಟ್ ನೋಡಿ. ಅದು ಹರಿದಿದ್ದರೆ ಕಲ್ಲಿನ ಪುಡಿ ಒಳಗೆ ಸೇರಿ, ಗ್ರೀಸ್ ಬೂದು ಬಣ್ಣದ ಗಟ್ಟಿ ಗಸಿ ಆಗಿರುತ್ತದೆ. ಒರೆಸಿ ಸಿಲಿಕೋನ್ ಗ್ರೀಸ್ ಹಾಕಿ. ಚಾಸಿಸ್ ಗ್ರೀಸ್ ಬೇಡ, ರಬ್ಬರ್ ಊದುತ್ತದೆ. ಡಿಸ್ಕ್ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಸುತ್ತಲೂ ಎಂಟು ಕಡೆ ಅಳೆಯಿರಿ. ಕನಿಷ್ಠ ದಪ್ಪ ಡಿಸ್ಕ್ ಮೇಲೇ ಸಾಮಾನ್ಯವಾಗಿ ಕೆತ್ತಿರುತ್ತದೆ.

ಆಳಂದ ನಾಕಾ: ಇಷ್ಟೆಲ್ಲ ಯಾಕ್ರೀ? ಹೊಸ ಡಿಸ್ಕ್ ಹಾಕಿ ಕೈ ತೊಳ್ಕೊಳ್ಳಿ. ಕಲ್ಲು ಹೇರೋ ಗಾಡಿ, ಬ್ರೇಕಲ್ಲಿ ಜುಗ್ಗತನ ಬೇಡ.

ಸೇಡಂ ರಸ್ತೆ ಗ್ಯಾರೇಜು: ಜುಗ್ಗತನ ಅಲ್ಲ. ಜಾಮ್ ಆದ ಪಿನ್ ಹಾಗೇ ಬಿಟ್ಟರೆ ಹೊಸ ಡಿಸ್ಕಿಗೂ ಅದೇ ಗತಿ. ಲೇಥಿಗೆ ಹಾಕಿದ್ದು ಅದಕ್ಕೇ ನಿಲ್ಲಲಿಲ್ಲ.

ಶಹಾಬಾದ್ ಲೋಡು: ಬಿಚ್ಚಿದೆ. ಕೆಳಗಿನ ಪಿನ್ ಸುತ್ತಿಗೆಗೂ ಜಗ್ಗಲಿಲ್ಲ, ಬಿಸಿ ಮಾಡಿ ತೆಗೆಸಿದೆ. ಬೂಟ್ ಹರಿದಿತ್ತು. ಡಿಸ್ಕ್ ದಪ್ಪ ಕನಿಷ್ಠಕ್ಕಿಂತ 1.5 ಮಿ.ಮೀ. ಮೇಲಿದೆ, ಸುತ್ತಲೂ 0.04 ಮಿ.ಮೀ. ವ್ಯತ್ಯಾಸ.

ಸೇಡಂ ರಸ್ತೆ ಗ್ಯಾರೇಜು: 0.04 ಸಾಕು ಕುಟ್ಟೋಕೆ. ಡಿಸ್ಕ್ ಬದುಕಿದೆ, ಲೇಥಿನಲ್ಲಿ ತೆಳುವಾಗಿ ಒಂದು ಕಟ್ ಹಾಕಿಸಿ. ಪಿನ್, ಬೂಟ್ ಹೊಸದು ಹಾಕಿ, ಪ್ಯಾಡ್ ಎರಡೂ ಗಾಲಿಗೆ. ಡಿಸ್ಕ್ ಕೂರೋ ಹಬ್ ಮುಖವನ್ನು ವೈರ್ ಬ್ರಶ್‌ನಿಂದ ಉಜ್ಜಿ. ಅಲ್ಲಿ ಚೂರು ತುಕ್ಕು ಉಳಿದರೂ ಡಿಸ್ಕ್ ವಾಲುತ್ತದೆ. ನಟ್ಟುಗಳನ್ನು ಗನ್‌ನಿಂದ ಹೊಡೆಸಬೇಡಿ, ಎದುರುಬದುರು ಟಾರ್ಕ್ ಪಾನಾದಲ್ಲೇ ಬಿಗಿಸಿ.

ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಎಂಟು–ಹತ್ತು ಸಲ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಹಿಡಿಯಬೇಡಿ, ಕಾದ ಪ್ಯಾಡ್ ಅಲ್ಲೇ ಅಚ್ಚು ಬಿಡುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬದಲಿಸಿ. ನೀರು ಹೀರಿದ ಡಾಟ್ 3 ದರ್ಜೆಯ ಆಯಿಲ್ ಸುಮಾರು 140 ಡಿಗ್ರಿಗೇ ಕುದಿಯಬಹುದು, ಆಗ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ.

ಶಹಾಬಾದ್ ಲೋಡು: ಹಿಂದಿನ ಡ್ರಮ್ ಮುಟ್ಟಬೇಕಾ?

ಸೇಡಂ ರಸ್ತೆ ಗ್ಯಾರೇಜು: ಬಿಚ್ಚಿ ನೋಡಲೇಬೇಕು. ಹಿಂದಿನ ಶೂ (ಡ್ರಮ್ಮಿಗೆ ಒಳಗಿಂದ ಉಜ್ಜೋ ಬ್ರೇಕ್ ಪಟ್ಟಿ) ಸಡಿಲ ಇದ್ದರೆ ಲೋಡಿನ ಭಾರವೆಲ್ಲ ಮುಂದಿನ ಪ್ಯಾಡ್ ಮೇಲೇ. ಹ್ಯಾಂಡ್‌ಬ್ರೇಕ್ ಎಷ್ಟು ಮೇಲೆ ಬರುತ್ತೆ ಹೇಳಿ.